ಎಂಟು ಮೀಟರ್ ಸಂಕ

ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟ. ತೋಟದ ಮೇಲ್ತುದಿಯಲ್ಲಿ ಮನೆಯವರೇ ಉಳಿಸಿಕೊಂಡ ಒಂದಿಷ್ಟು ಕಾಡು. ಶಾಲೆಯ ಮಕ್ಕಳಿಗೆ ಮರ, ಹಕ್ಕಿ, ಕಪ್ಪೆ ತೋರಿಸಲೆಂದು ಅದರೊಳಗೆ ಕಾಲುದಾರಿ ಮಾಡುವ ಯೋಚನೆ, ದಾರಿಗೆ ಅಡ್ಡವಾಗಿ ಹಳ್ಳ. ಒಬ್ಬಾಕೆ ಲ್ಯಾಪ್‌ಟಾಪಿನಲ್ಲಿ ಸೇತುವೆ ಬಿಡಿಸಿ ತಂದಿದ್ದಾಳೆ. ಇನ್ನೊಬ್ಬರು ಕಬ್ಬಿಣದ ಕೆಲಸದಲ್ಲೇ ತಲೆ ನೆರೆಸಿಕೊಂಡ ಇಂಜಿನಿಯರ್. ಮಾತು ಜಗಲಿಯಲ್ಲಿ.

— ಇದು ಬೆಳಿಗ್ಗೆ ಒಂಬತ್ತರ ಬಿಸಿಲು ನೋಡಿ. ಸ್ಕೆಚ್‌ಅಪ್‌ಗೆ ಊರು, ತಿಂಗಳು ಹೇಳಿದರೆ ಸಾಕು, ನೆರಳು ಎಲ್ಲಿ ಬೀಳುತ್ತೆ ಅಂತ ಅದೇ ತೋರಿಸುತ್ತೆ. ಮರದ ಹಲಗೆ, ಹಗ್ಗದ ರೇಲಿಂಗ್, ಕೆಳಗೆ ನೀರು.

— ಚೆನ್ನಾಗಿದೆ. ಈ ತೊಲೆ ಎಷ್ಟು ತೂಕ?

— ತೂಕ ಅದಕ್ಕೆ ಗೊತ್ತಾಗಲ್ಲ. ಅದು ಆಕಾರ ಬಿಡಿಸೋ ತಂತ್ರಾಂಶ.

— ಅಂದರೆ ಅದರ ಪಾಲಿಗೆ ಉಕ್ಕೂ ಒಂದೇ, ರಟ್ಟೂ ಒಂದೇ. ಬೈಬೇಡ, ಚಿತ್ರ ಬೇಕೇ ಬೇಕು. ತೋಟದ ಯಜಮಾನರನ್ನು ಒಪ್ಪಿಸೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಅವರು ಒಪ್ಪಿದ್ದನ್ನು ಹಳ್ಳ ಒಪ್ಪುತ್ತೋ ಅನ್ನೋದು ಬೇರೆ ಲೆಕ್ಕ. ಉದ್ದ ಎಷ್ಟು ಹಿಡಿದೆ?

— ಐದೂವರೆ ಮೀಟರ್. ನಾನೇ ಟೇಪ್ ಹಿಡಿದು ಅಳೆದದ್ದು.

— ಯಾವಾಗ?

— ಮಾರ್ಚ್‌ನಲ್ಲಿ. ಈ ದಡದ ನೀರಂಚಿನಿಂದ ಆ ದಡದ ನೀರಂಚಿಗೆ.

— ಮಾರ್ಚ್ ತಿಂಗಳ ನೀರಿಗೆ ಸೇತುವೆಯೇ ಬೇಡ ಮಾರಾಯ್ತಿ, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಸೇತುವೆ ಬೇಕಾಗೋದು ಪುನರ್ವಸು, ಪುಷ್ಯ ಮಳೆಗೆ. ಆವಾಗ ನೀರಂಚು ಎಲ್ಲಿರುತ್ತೆ?

— ಅದಕ್ಕೇ ಉಪಗ್ರಹದ ಎತ್ತರದ ನಕ್ಷೆ ಇಳಿಸಿಕೊಂಡು ಅದರ ಮೇಲೆ ಮಾದರಿ ಕೂರಿಸಿದ್ದೇನೆ. ಬಲಗಡೆ ಗುಡ್ಡ ಕಾಣ್ತಿದೆಯಲ್ಲ, ಅದು ನಿಜವಾದ ನೆಲವೇ.

— ಪುಕ್ಕಟೆ ಸಿಗೋ ಆ ನಕ್ಷೆಯ ಒಂದೊಂದು ಚೌಕ ಸುಮಾರು ಮೂವತ್ತು ಮೀಟರಿನದು. ಮೂವತ್ತು ಮೀಟರಿಗೆ ಒಂದು ಎತ್ತರ. ನಿನ್ನ ಹಳ್ಳ, ಎರಡು ದಡ, ದಡದ ಹೊಳೆಮತ್ತಿ ಮರ, ಎಲ್ಲಾ ಒಂದೇ ಚೌಕದೊಳಗೆ ಮುಳುಗಿ ಹೋಗಿವೆ. ಗುಡ್ಡ ನಿಜ, ಒಪ್ಪಿದೆ. ಹಳ್ಳ ಮಾತ್ರ ನೀನು ಕೈಯಲ್ಲಿ ಬಿಡಿಸಿದ್ದು.

— ಡ್ರೋನ್ ಹಾರಿಸಲಾ?

— ಮೇಲೆ ಮರ ಕೂಡಿಕೊಂಡಿದೆ, ಡ್ರೋನಿಗೆ ಕಾಣೋದು ಎಲೆ. ಗಾರೆ ಮೇಸ್ತ್ರಿ ಹತ್ತಿರ ನೀರು ತುಂಬೋ ಪಾರದರ್ಶಕ ಟ್ಯೂಬ್ ಇರುತ್ತಲ್ಲ, ಅದನ್ನ ತಗೊ. ಹಳ್ಳಕ್ಕೆ ಅಡ್ಡ ಒಂದು ಹಗ್ಗ ಮಟ್ಟಸವಾಗಿ ಬಿಗಿ. ಅರ್ಧ ಮೀಟರಿಗೊಮ್ಮೆ ಹಗ್ಗದಿಂದ ನೆಲಕ್ಕೆ ಎಷ್ಟು ಅಂತ ಬರೆದುಕೊ. ಮೇಲೆ ಹತ್ತು ಮೀಟರ್, ಕೆಳಗೆ ಹತ್ತು ಮೀಟರ್ ದೂರದಲ್ಲಿ ಇನ್ನೊಂದೊಂದು ಸಲ. ಒಂದು ಬೆಳಗಿನ ಕೆಲಸ. ಆ ಅಂಕಿ ತಂತ್ರಾಂಶಕ್ಕೆ ಉಣಿಸಿದರೆ ಅದು ನಿನ್ನ ಹಳ್ಳವಾಗುತ್ತೆ.

— ಮಳೆಗಾಲದ ಮಟ್ಟ? ಅದಕ್ಕೆ ಜುಲೈ ತನಕ ಕಾಯಬೇಕಾ?

— ಬೇಡ. ಹಳ್ಳವೇ ಗುರುತು ಬಿಟ್ಟಿರುತ್ತೆ. ಕೊಂಬೆಗಳಲ್ಲಿ ಸಿಕ್ಕಿಕೊಂಡ ಕಸ, ಒಣಗಿದ ಬಿದಿರೆಲೆ ನೋಡು. ಬಂಡೆ ಮೇಲೆ ಪಾಚಿಯ ಬಣ್ಣ ಎಲ್ಲಿ ಬದಲಾಗುತ್ತೆ ನೋಡು. ಆಮೇಲೆ ತೋಟದ ಆಳುಗಳ ಲೈನಿನಲ್ಲಿ ಹಳಬರನ್ನು ಕೇಳು, 2019ರ ಆಗಸ್ಟಿನಲ್ಲಿ ನೀರು ಎಲ್ಲಿ ತನಕ ಬಂದಿತ್ತು ಅಂತ. ಚಾರ್ಮಾಡಿ ಘಾಟಿ ಕುಸಿದು ಬಂದ್ ಆಗಿದ್ದ ವರ್ಷ ಅದು, ಈ ಕಡೆಯವರು ಯಾರೂ ಮರೆತಿಲ್ಲ.

— ಮಾತು ಕೇಳಿ ಅಳತೆ ಹಾಕೋದಾ?

— ಮಾತು ಕೇಳು, ಲೆಕ್ಕದಲ್ಲಿ ತಾಳೆ ನೋಡು. ನೀರು ಹರಿದು ಬರೋ ಜಾಗ ಅರ್ಧ ಚದರ ಕಿಲೋಮೀಟರ್ ಅಂತ ಇಟ್ಟುಕೊ. ಗಂಟೆಗೆ ನೂರು ಮಿಲಿಮೀಟರ್ ಸುರಿಯಿತು, ಅದರಲ್ಲಿ ಹತ್ತಕ್ಕೆ ಆರು ಪಾಲು ಹಳ್ಳಕ್ಕೆ ಬಂತು. ಸೆಕೆಂಡಿಗೆ ಎಂಟು ಘನಮೀಟರಿನ ಸುತ್ತಮುತ್ತ ಆಯಿತು. ಆರು ಮೀಟರ್ ಅಗಲದ ಪಾತ್ರದಲ್ಲಿ ಎರಡು ಮೀಟರ್ ವೇಗದಲ್ಲಿ ಓಡಿದರೆ ಮುಕ್ಕಾಲು ಮೀಟರ್ ಆಳ. ಹಳಬರು ಸೊಂಟದ ಮಟ್ಟ ಅಂದರೆ ಇಬ್ಬರೂ ಸರಿ. ಎದೆ ಮಟ್ಟ ಅಂದರೆ ನಾನು ಅವರ ಮಾತನ್ನೇ ನಂಬುತ್ತೇನೆ, ಯಾಕೆಂದರೆ ಮೇಲೆ ಎಲ್ಲೋ ಮರ ಬಿದ್ದು ನೀರು ಕಟ್ಟಿ ಒಡೆದಿರುತ್ತೆ, ನನ್ನ ಸೂತ್ರಕ್ಕೆ ಆ ಮರದ ಸುದ್ದಿಯೇ ಇಲ್ಲ. ಸೇತುವೆಯ ಅಡಿಭಾಗ ಅದಕ್ಕಿಂತ ಇನ್ನೂ ಒಂದು ಮೀಟರಾದರೂ ಮೇಲಿರಬೇಕು. ತೇಲಿ ಬರೋ ದಿಮ್ಮಿ ಹೊಡೆಯಬಾರದು.

— ಹಾಗಾದರೆ ಉದ್ದ?

— ದರೆ ಅಂಚಿನಿಂದ ಹಿಂದೆ ಸರಿದು ಗಟ್ಟಿ ನೆಲ ಸಿಗೋ ತನಕ. ನಾನು ನೋಡಿದಂತೆ ಎಂಟು ಮೀಟರ್.

— ಎರಡೂವರೆ ಮೀಟರ್ ತಾನೇ ಹೆಚ್ಚು. ಎಳೆದು ಉದ್ದ ಮಾಡಿದರೆ ಆಯಿತು, ಒಂದು ಕ್ಲಿಕ್.

— ಆ ಕ್ಲಿಕ್ಕೇ ಅಪಾಯ. ತೊಲೆ ಜಗ್ಗೋದು ಉದ್ದದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ. ಐದೂವರೆ ಎಂಟಾದರೆ ಉದ್ದ ಒಂದೂವರೆ ಪಟ್ಟೂ ಆಗಲಿಲ್ಲ, ಜಗ್ಗು ಮಾತ್ರ ನಾಲ್ಕೂವರೆ ಪಟ್ಟು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ.

— ಅದನ್ನು ನೋಡೋಕೂ ದಾರಿ ಇದೆ. ಫ್ರೀಕ್ಯಾಡ್‌ನಲ್ಲಿ ಭಾರ ಹಾಕಿ ಪರೀಕ್ಷೆ ಮಾಡೋ ಭಾಗ ಇದೆ, ಪುಕ್ಕಟೆ. ತೊಲೆಯ ಅಳತೆ, ಉಕ್ಕಿನ ಗುಣ, ಭಾರ ಕೊಟ್ಟರೆ ಎಷ್ಟು ಬಾಗುತ್ತೆ ಅಂತ ಬಣ್ಣದಲ್ಲಿ ತೋರಿಸುತ್ತೆ. ಭಾರ ಎಷ್ಟು ಕೊಡಲಿ? ಒಂದು ಸಲಕ್ಕೆ ಹತ್ತು ಮಕ್ಕಳು ಅಂತ ಬೋರ್ಡ್ ಹಾಕ್ತೇವೆ.

— ಬೋರ್ಡ್ ಓದೋ ಮಕ್ಕಳನ್ನು ನಾನು ಇನ್ನೂ ನೋಡಿಲ್ಲ. ಕಪ್ಪೆ ಕಂಡಿತು ಅಂತ ಒಬ್ಬ ಕೂಗಿದರೆ ಇಡೀ ತರಗತಿ ಒಂದೇ ಬದಿಗೆ ವಾಲುತ್ತೆ. ನಮ್ಮ ರಸ್ತೆ ಕಾಂಗ್ರೆಸ್ಸಿನ ಸಂಹಿತೆ ಐಆರ್‌ಸಿ 6ರಲ್ಲಿ ಜನ ನಡೆಯೋ ಜಾಗಕ್ಕೆ ಚದರ ಮೀಟರಿಗೆ 400 ಕಿಲೋ, ಗುಂಪು ಸೇರೋ ಜಾಗಕ್ಕೆ 500 ಅಂತಿದೆ. ನೀನು 500 ಹಿಡಿ. ಅಗಲ ಒಂದೂಕಾಲು ಮೀಟರಿಗೆ ಚೂರು ಕಮ್ಮಿ, 1.2. ಎರಡು ತೊಲೆ. ಈಗ ಹಾಕು.

— ಇನ್ನೂರು ಮಿಲಿಮೀಟರಿನ ಐ ತೊಲೆ ಹಾಕಿದೆ. ಗರಿಷ್ಠ ಒತ್ತಡ 143 ಮೆಗಾಪಾಸ್ಕಲ್. ಈ ಉಕ್ಕು ಸೋಲೋದು 250ಕ್ಕೆ. ಎಲ್ಲಾ ಹಸಿರು! ಸಾಕಲ್ಲ?

— ಜಗ್ಗು ಎಷ್ಟು?

— ಜನರ ಭಾರಕ್ಕೆ 36 ಮಿಲಿಮೀಟರ್.

— ಉದ್ದದ ಮುನ್ನೂರನೇ ಒಂದು ಭಾಗ ದಾಟಬಾರದು ಅಂತ ಲೆಕ್ಕ. ಎಂಟು ಮೀಟರಿಗೆ 26 ಚಿಲ್ಲರೆ. ಮುರಿಯಲ್ಲ, ಆದರೆ ಕಾಲಡಿ ಮಿಡಿಯುತ್ತೆ. ಮಿಡಿಯೋ ಸಂಕದ ಮೇಲೆ ಮಕ್ಕಳು ಕುಣಿಯದೆ ಬಿಡ್ತಾರಾ? ಕುಣಿದಷ್ಟೂ ಬೋಲ್ಟು ಸಡಿಲ. ನಿನ್ನ ಹಸಿರು ಬಣ್ಣ ಒಂದೇ ಪ್ರಶ್ನೆಗೆ ಉತ್ತರ ಹೇಳಿತು, ಮುರಿಯುತ್ತಾ ಅಂತ. ಎರಡನೇ ಪ್ರಶ್ನೆ ನೀನು ಕೇಳಲಿಲ್ಲ, ಅದೂ ಹೇಳಲಿಲ್ಲ.

— ಲಂಡನ್ನಿನ ಮಿಲೇನಿಯಂ ಸೇತುವೆಗೆ ಆದದ್ದು ಇದೇ ಅಲ್ಲವಾ?

— ಹೆಚ್ಚುಕಡಿಮೆ. 2000ದ ಜೂನ್ 10ಕ್ಕೆ ತೆರೆದರು, 12ಕ್ಕೆ ಮುಚ್ಚಿದರು. ಲೆಕ್ಕ ಮಾಡಿದವರು ಸಾಮಾನ್ಯರಲ್ಲ. ಮೇಲೆ ಕೆಳಗೆ ಕುಣಿಯೋದನ್ನು ನೋಡಿದ್ದರು. ಸೇತುವೆ ಪಕ್ಕಕ್ಕೆ ಚೂರು ಓಲಾಡಿದಾಗ ಜನ ಬೀಳದ ಹಾಗೆ ಕಾಲು ಅಗಲಿಸಿ ಅದೇ ತಾಳಕ್ಕೆ ಹೆಜ್ಜೆ ಹಾಕ್ತಾರೆ, ಹಾಕಿದಷ್ಟೂ ಓಲಾಟ ಬೆಳೆಯುತ್ತೆ ಅನ್ನೋದು ಮಾದರಿಯೊಳಗೆ ಇರಲಿಲ್ಲ. ಓಲಾಟ ಹೀರೋ ಡ್ಯಾಂಪರ್ ಕೂರಿಸಿ ಮತ್ತೆ ತೆರೆದದ್ದು 2002ರಲ್ಲಿ. ನಮ್ಮ ಎಂಟು ಮೀಟರಿಗೆ ಆ ಭಯ ಇಲ್ಲ ಬಿಡು. ಇದು ಗಿಡ್ಡ, ಗಟ್ಟಿ.

— ಹಾಗಾದರೆ 250ರ ತೊಲೆ. ಹಾಕಿದೆ. ಜಗ್ಗು 16 ಮಿಲಿಮೀಟರ್. ಮುಗೀತು.

— ಭೇಷ್. ಒಂದು ತೊಲೆಯ ತೂಕ?

— ಮೀಟರಿಗೆ 37 ಕಿಲೋ. ಎರಡು ಬದಿ ಕೂರೋಕೆ ಸೇರಿಸಿ ಎಂಟೂಮುಕ್ಕಾಲು ಮೀಟರ್ ಅಂದರೆ… ಮುನ್ನೂರ ಇಪ್ಪತ್ತರ ಮೇಲೆ.

— ಜೀಪ್ ಎಲ್ಲಿ ತನಕ ಬರುತ್ತೆ?

— ಪಲ್ಪರ್ ಮನೆ ತನಕ. ಅಲ್ಲಿಂದ ಕಾಲುದಾರಿ.

— ಆ ಕಾಲುದಾರಿಯಲ್ಲಿ ಮೂರು ಕಡೆ ತಿರುವು, ಎರಡೂ ಕಡೆ ಕಾಫಿ ಗಿಡ, ಕೊನೆಯಲ್ಲಿ ಏಣಿ ಇಟ್ಟ ಹಾಗೆ ಇಳಿಜಾರು. ಎಂಟೂಮುಕ್ಕಾಲು ಮೀಟರಿನ ಕಬ್ಬಿಣ ಅಲ್ಲಿ ತಿರುಗುವುದೇ ಇಲ್ಲ. ಹತ್ತು ಆಳು ಹೊತ್ತರು ಅಂತಲೇ ಇಟ್ಟುಕೊ, ಒಬ್ಬನ ಕಾಲು ಜಾರಿದರೆ ಉಳಿದ ಒಂಬತ್ತು ಜನರ ಹೆಗಲು? ಜೆಸಿಬಿ ತಂದು ದಾರಿ ಬಿಡಿಸಬಹುದು. ಆಮೇಲೆ ಅದನ್ನು ಪ್ರಕೃತಿ ಪಥ ಅಂತ ಕರೆಯೋಕೆ ನಾಚಿಕೆ ಆಗಬೇಕು.

— ಹಾಗಾದರೆ ತೂಗುಸೇತುವೆ ಮಾಡೋಣ. ಸುಳ್ಯದ ಗಿರೀಶ್ ಭಾರದ್ವಾಜರು ಅಷ್ಟೊಂದು ಕಡೆ ಮಾಡಿದ್ದಾರಲ್ಲ. ಹಗ್ಗವನ್ನು ಸುತ್ತಿ ಹೊರಬಹುದು.

— ಅವರದ್ದು ದೊಡ್ಡ ಕೆಲಸ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಹಾಕಿದರು, 2017ರಲ್ಲಿ ಪದ್ಮಶ್ರೀ ಬಂತು. ಆದರೆ ಅದು ಹೊಳೆಗೆ. ತೂಗುಸೇತುವೆಯ ಹಗ್ಗ ಎರಡೂ ದಡವನ್ನು ಒಳಕ್ಕೆ ಎಳೆಯುತ್ತೆ, ಅದಕ್ಕೆ ಹಿಂದೆ ನೆಲದಲ್ಲಿ ದೊಡ್ಡ ಲಂಗರು ಹೂಳಬೇಕು. ಎಂಟು ಮೀಟರಿಗೆ ಅಷ್ಟು ಕಾಂಕ್ರೀಟು ದಂಡ. ನಿನ್ನ ರೇಲಿಂಗ್ ಎಷ್ಟು ಎತ್ತರ?

— 1.1 ಮೀಟರ್. ಆದರೆ ಅದು ಹಗ್ಗದ್ದು, ಭಾರ ಹೊರಲ್ಲ.

— ಹೊರಿಸು.

— ಅಂದರೆ?

— ತೊಲೆಯ ಕೆಲಸ ರೇಲಿಂಗಿಗೆ ಕೊಡು. ಕೆಳಗೊಂದು ಆ್ಯಂಗಲ್ ಪಟ್ಟಿ, ಮೇಲೊಂದು, ನಡುವೆ ಮೀಟರಿಗೊಂದು ಕಂಬ, ಕಂಬಗಳ ನಡುವೆ ಓರೆ ಪಟ್ಟಿ. ಟ್ರಸ್. ಮೇಲಿನ ಪಟ್ಟಿ ಅದುಮಿಸಿಕೊಳ್ಳುತ್ತೆ, ಕೆಳಗಿನದು ಎಳೆಸಿಕೊಳ್ಳುತ್ತೆ. ಎರಡರ ನಡುವೆ 1.1 ಮೀಟರ್ ದೂರ ಇರೋದರಿಂದ ಒಂದೊಂದರ ಮೇಲೂ ಬೀಳೋದು ಮೂರು ಟನ್ನಿನಷ್ಟು ಬಲ. ಮೂರು ಟನ್ ಅಂದರೆ ಉಕ್ಕಿಗೆ ಏನೂ ಅಲ್ಲ. ಕಿಟಕಿ ಗ್ರಿಲ್ ಅಂಗಡಿಯಲ್ಲಿ ಸಿಗೋ 50 ಮಿಲಿಮೀಟರಿನ ಆ್ಯಂಗಲ್, ಆರು ಮಿಲಿಮೀಟರ್ ದಪ್ಪದ್ದು ಸಾಕು.

— ತಾಳಿ… ಹಾಕ್ತಿದ್ದೇನೆ. ಅಬ್ಬ! ಜಗ್ಗು ನಾಲ್ಕು ಮಿಲಿಮೀಟರ್ ಒಳಗೇ ಇದೆ. ಒಂದು ಬದಿಯ ತೂಕ 170 ಕಿಲೋ, ಅದೂ ಬಿಡಿಬಿಡಿ. ಅತಿ ಭಾರದ ತುಂಡು ಹದಿನೆಂಟು ಕಿಲೋ, ನಾಲ್ಕು ಮೀಟರ್ ಉದ್ದ.

— ಒಬ್ಬ ಆಳು ಹೆಗಲ ಮೇಲೆ ಹಾಕಿಕೊಂಡು ಬೀಡಿ ಸೇದುತ್ತಾ ಹೋಗಬಹುದು. ಆದರೆ ನಾಲ್ಕು ಮೀಟರಿನ ಎರಡು ತುಂಡು ಅಂದರೆ ಜೋಡಣೆ ಸರಿಯಾಗಿ ನಡುವಿಗೇ ಬಂತು, ಬಲ ಅತಿ ಹೆಚ್ಚಿರೋ ಕಡೆ. ಮೂರು, ಎರಡು, ಮೂರು ಮೀಟರ್ ಅಂತ ಮಾಡು.

— ಮಾಡಿದೆ. ನೋಡಿ, ಇದಕ್ಕೇ ನನಗೆ ಮಾಡೆಲಿಂಗ್ ಇಷ್ಟ. ನೀವು ಹೇಳಿ ಮುಗಿಸೋ ಹೊತ್ತಿಗೆ ಬದಲಾಗಿರುತ್ತೆ. ನಿಮ್ಮ ಕಾಲದಲ್ಲಿ ಟ್ರೇಸಿಂಗ್ ಹಾಳೆ ಮೇಲೆ ಬ್ಲೇಡಿನಿಂದ ಗೆರೆ ಕೆರೀತಾ ಕೂರಬೇಕಿತ್ತು.

— ಕೂರಬೇಕಿತ್ತು. ಅದಕ್ಕೇ ಮೊದಲು ಹೊಳೆದದ್ದನ್ನೇ ಹಿಡಿದು ಕೂತಿರುತ್ತಿದ್ದೆವು, ಬದಲಾಯಿಸೋಕೆ ಬೇಜಾರು. ಹಳೆ ಕಾಲ ಚೆಂದ ಅನ್ನೋ ಪೈಕಿ ನಾನಲ್ಲ. ಈಗ ಆ ಟ್ರಸ್ಸನ್ನು ನೆಟ್ಟಗೆ ಮುಂದಿನಿಂದ ನೋಡು, ನಡೆದು ಬರೋನಿಗೆ ಕಾಣೋ ಹಾಗೆ. ಮೇಲಿನ ಪಟ್ಟಿಯನ್ನು ಪಕ್ಕಕ್ಕೆ ಹಿಡಿದಿರೋದು ಏನು?

— ಏನೂ ಇಲ್ಲ. ಮೇಲೆ ಆಕಾಶ.

— ಅಲ್ಲೇ ಇರೋದು ತೊಂದರೆ. ಎರಡೂ ತುದಿಯಿಂದ ಅದುಮಿದ ಸಪೂರ ಪಟ್ಟಿ ಹೊರಕ್ಕೋ ಒಳಕ್ಕೋ ಬಳುಕಿ ಬಿಡುತ್ತೆ. ರೈಲ್ವೆಯ ದೊಡ್ಡ ಟ್ರಸ್ಸಿನಲ್ಲಿ ಮೇಲೆ ಅಡ್ಡಪಟ್ಟಿ ಹಾಕ್ತಾರೆ. ನಾವು ಹಾಕಿದರೆ ತಲೆ ಹೊಡೆಯುತ್ತೆ. ನೀನು ಚಪ್ಪಟೆಯಾಗಿ ಒಂದೇ ಬದಿಯನ್ನು ಬಿಡಿಸಿ ಲೆಕ್ಕ ಮಾಡಿದೆ, ಆ ಮಾದರಿಯಲ್ಲಿ ಪಕ್ಕ ಅನ್ನೋದೇ ಇಲ್ಲ, ಅದಕ್ಕೇ ಅದು ಹಸಿರು.

— ಮೂರು ಆಯಾಮದಲ್ಲಿ ಮಾಡಿ ಬಳುಕೋದನ್ನೂ ಪರೀಕ್ಷಿಸಬಹುದು. ಮಾಡಿದೆ ಅಂತಿಟ್ಟುಕೊಳ್ಳಿ, ಪರಿಹಾರ?

— ಕೆಳಗಿನ ಅಡ್ಡತೊಲೆಯನ್ನು ಎರಡೂ ಬದಿ ಅರ್ಧ ಮೀಟರ್ ಹೊರಗೆ ಚಾಚು. ಅದರ ತುದಿಯಿಂದ ಕಂಬದ ತಲೆಗೆ ಒಂದು ಓರೆ ಊರುಗೋಲು. ಒಂದು ಬಿಟ್ಟು ಒಂದು ಕಂಬಕ್ಕೆ ಸಾಕು.

— ಚಂದ ಕಾಣಲ್ಲ.

— ಬಳುಕಿದ ಮೇಲೆ ಇನ್ನೂ ಕೆಟ್ಟದಾಗಿ ಕಾಣುತ್ತೆ. ಆ ಓರೆಪಟ್ಟಿಗಳ ಸಂದು ಎಷ್ಟಿದೆ, ಮಗು ನುಸುಳುತ್ತಾ?

— ಆರಾಮಾಗಿ. ಒಳಬದಿಗೆ ಜಾಲರಿ ಹಾಕ್ತೇನೆ, ಹತ್ತು ಸೆಂಟಿಮೀಟರಿಗಿಂತ ದೊಡ್ಡ ಕಿಂಡಿ ಇಲ್ಲದ ಹಾಗೆ.

— ಅದರಲ್ಲಿ ರಾಜಿ ಬೇಡ. 2022ರ ಆಗಸ್ಟಿನಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೋಗ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಲೆನಾಡು, ಕರಾವಳಿಯಲ್ಲಿ ಇನ್ನೂ ಎಷ್ಟೋ ಮಕ್ಕಳಿಗೆ ಸಂಕ ಅಂದರೆ ಎರಡು ಅಡಿಕೆ ಮರದ ಕಾಂಡ, ಹಿಡಿಯೋಕೆ ಒಂದು ಬಿದಿರು. ಪ್ರತಿ ಮಳೆಗಾಲಕ್ಕೆ ಮುಂಚೆ ಊರವರೇ ಕೂಡಿ ಹೊಸದು ಹಾಕ್ತಾರೆ. ನಾವಿಲ್ಲಿ ಕಪ್ಪೆ ನೋಡೋಕೆ ಸೇತುವೆ ಕಟ್ಟುತ್ತಾ ಕೂತಿದ್ದೇವೆ ಅಂತ ನನಗೆ ಒಂದೊಂದು ಸಲ ಮುಜುಗರ ಆಗುತ್ತೆ.

— ನಿಮಗೆ ಮುಜುಗರ, ನನಗೆ ಆಸೆ. ಈ ಮಾದರಿಯಲ್ಲಿ ಉದ್ದ ಅನ್ನೋದು ಒಂದು ಅಂಕಿ ಮಾತ್ರ. ಅದನ್ನು ಆರು ಅಂತ ಬರೆದರೆ ಆರು ಮೀಟರಿನ ಸಂಕದ ತುಂಡುಗಳ ಪಟ್ಟಿ, ತೂತುಗಳ ಜಾಗ ಎಲ್ಲಾ ತಾನೇ ಬರುತ್ತೆ. ಕಪ್ಪೆಗೆ ಕಟ್ಟಿದ್ದು ನಾಳೆ ಯಾವುದೋ ಶಾಲೆ ದಾರಿಗೂ ಆಗಬಹುದು. ಗ್ರಿಲ್ ಅಂಗಡಿ ಇರೋ ಯಾವ ಊರಲ್ಲೂ ಮಾಡಬಹುದು.

— ಅದು ಒಪ್ಪೋ ಮಾತು. ಆದರೆ ಕೊಡೋವಾಗ ದಡದ ಕಡತವನ್ನು ಖಾಲಿ ಬಿಟ್ಟು ಕೊಡು. ನಿನ್ನ ಮಾದರಿಯಲ್ಲಿ ಈಗ ದಡದ ಜಾಗದಲ್ಲಿ ಏನಿದೆ?

— ಒಂದು ಕಡೆ ಸ್ಥಿರ ಆಧಾರ, ಇನ್ನೊಂದು ಕಡೆ ಜಾರಬಲ್ಲ ಆಧಾರ. ಎರಡು ಚಿಕ್ಕ ತ್ರಿಕೋನದ ಗುರುತು.

— ಆ ತ್ರಿಕೋನ ಎಂದೂ ಕುಸಿಯಲ್ಲ. ಎಷ್ಟು ಮಳೆ ಹುಯ್ದರೂ ಅದರ ಬುಡ ಕೊರೆಯಲ್ಲ. ನಿಜವಾದ ಸಣ್ಣ ಸೇತುವೆಗಳು ನಡುವಲ್ಲಿ ಮುರಿದು ಬಿದ್ದದ್ದನ್ನು ನಾನು ಕಂಡದ್ದು ಕಡಿಮೆ. ದಡ ಕೊಚ್ಚಿ ಹೋಗಿ, ಸೇತುವೆ ಇಡಿಯಾಗಿ ಹಳ್ಳದಲ್ಲಿ ಮಕಾಡೆ ಮಲಗಿರುತ್ತೆ, ಬೋಲ್ಟೂ ಸಡಿಲ ಆಗಿರಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಗುದ್ದಲಿ ತಾಗಿಸಗೊಡಲ್ಲ, ಆಶ್ಲೇಷ ಮಳೆಯಲ್ಲಿ ಬುಡದಲ್ಲಿ ನೀರು ಒಸರೋಕೆ ಶುರುವಾದರೆ ಅಂಚು ಹೋಳುಹೋಳಾಗಿ ಕಳಚುತ್ತೆ. ಅದಕ್ಕೇ ಹಿಂದಕ್ಕೆ ಸರಿ ಅಂದದ್ದು. ಹೊಳೆಮತ್ತಿಯ ಬೇರು ಹಿಡಿದಿರೋ ಜಾಗ ಒಳ್ಳೆಯದು, ಆದರೆ ಬೇರು ಕಡಿದು ಅಡಿಪಾಯ ಹಾಕಿದರೆ ಅದೇ ಹೋಯಿತು. ಮರಕ್ಕಿಂತ ಕೆಳಗಡೆ, ಹಳ್ಳ ನೇರ ಹರಿಯೋ ಕಡೆ ಜಾಗ ಹುಡುಕು. ನೀರು ಕೊರೆಯೋದು ತಿರುವಿನ ಹೊರಮೈ.

— ಕಾಂಕ್ರೀಟ್ ಅಡಿಪಾಯವಾ, ಕಲ್ಲಿನದಾ?

— ಎರಡೂ ಆಗುತ್ತೆ. ಕಾಂಕ್ರೀಟಾದರೆ ಹಳ್ಳ ತಗ್ಗಿದ ಮೇಲೆ ಹಾಕಬೇಕು, ಸಿಮೆಂಟಿನ ಹಾಲು ಒಂದು ತೊಟ್ಟೂ ನೀರಿಗೆ ಇಳೀಬಾರದು. ಹಸಿ ಸಿಮೆಂಟಿನ ಕ್ಷಾರಕ್ಕೆ ಮೀನು, ಗೊದಮೊಟ್ಟೆ ಸಾಯುತ್ತೆ. ನೀನು ಯಾವ ಕಪ್ಪೆ ತೋರಿಸೋಳು?

— ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯೋ ಕಪ್ಪೆ ಇದೆಯಲ್ಲ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೆಬ್ಬೆರಳಿನಷ್ಟೂ ಇಲ್ಲ. ಗಂಡು ಒದ್ದೆ ಬಂಡೆ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತೆ. ಮಳೆ ಕಳೆದ ಮೇಲೆ ಅದರ ಸಂಭ್ರಮ.

— ಹಾಗಾದರೆ ಆ ತಿಂಗಳಲ್ಲಿ ಹಳ್ಳಕ್ಕೆ ಇಳಿಯೋ ಹಾಗಿಲ್ಲ. ಜನವರಿ ಮುಗಿದ ಮೇಲೆ ಕೆಲಸ, ಮೇ ಒಳಗೆ ಮುಗಿಸಬೇಕು. ಹಳ್ಳದ ನಡುವೆ ಕಂಬ ಇಲ್ಲ, ಬಂಡೆ ಸರಿಸೋದು ಇಲ್ಲ. ನಡೆಯೋಕೆ ಮೇಲೆ ಏನು ಹಾಸ್ತೀ?

— ಮರದ ಹಲಗೆ ಅಂದುಕೊಂಡಿದ್ದೆ.

— ಎರಡನೇ ಮಳೆಗಾಲಕ್ಕೆ ಪಾಚಿ, ಮೂರನೆಯದಕ್ಕೆ ಆಸ್ಪತ್ರೆ. ಕಬ್ಬಿಣದ ಗ್ರೇಟಿಂಗ್ ಹಾಕು. ನೀರು ನಿಲ್ಲಲ್ಲ, ಬೆಳಕು ಕೆಳಗೆ ಇಳಿಯುತ್ತೆ. ನಾಯಿಗಳಿಗೆ ಇಷ್ಟ ಆಗಲ್ಲ, ಇರಲಿ. ಎಲ್ಲಾ ತುಂಡೂ ಬಿಸಿ ಸತುವಿನಲ್ಲಿ ಅದ್ದಿಸಬೇಕು, ಅದ್ದಿಸೋ ಮೊದಲೇ ಎಲ್ಲಾ ತೂತು ಕೊರೆದಿರಬೇಕು. ಇಲ್ಲಿ ಬಂದು ಡ್ರಿಲ್ ಹಿಡಿದರೆ, ವೆಲ್ಡಿಂಗ್ ಮಾಡಿದರೆ ಸತು ಕಿತ್ತೋ ಸುಟ್ಟೋ ಹೋಗಿ ಆ ಜಾಗದಿಂದಲೇ ತುಕ್ಕು ಶುರು.

— ತೂತಿನ ವಿಷಯ ನನಗೆ ಬಿಡಿ. ಇಲ್ಲಿ ನೋಡಿ, ಈ ಮೂಲೆ ತಗಡಿಗೆ ಐದು ಪಟ್ಟಿ ಬಂದು ಸೇರುತ್ತೆ. ಹದಿನಾರು ಮಿಲಿಮೀಟರಿನ ಬೋಲ್ಟು. ಕಾಗದದಲ್ಲಿ ಎಲ್ಲಾ ಕೂರುತ್ತೆ. ಆದರೆ ನಾನು 24ರ ಸ್ಪ್ಯಾನರನ್ನೂ ಬಿಡಿಸಿ ಮಾದರಿಯೊಳಗೆ ಇಟ್ಟು ತಿರುಗಿಸಿ ನೋಡಿದೆ. ಈ ಒಂದು ಬೋಲ್ಟಿಗೆ ಸ್ಪ್ಯಾನರ್ ಅರ್ಧ ಹಲ್ಲೂ ತಿರುಗಲ್ಲ, ಓರೆ ಪಟ್ಟಿಗೆ ತಾಗುತ್ತೆ.

— ಸ್ಪ್ಯಾನರನ್ನೂ ಬಿಡಿಸಿದೆಯಾ?

— ಹಿಡಿ ಸಮೇತ. ಬೋಲ್ಟನ್ನು ಹದಿನೆಂಟು ಮಿಲಿಮೀಟರ್ ಹೊರಗೆ ಸರಿಸಿದೆ, ಈಗ ಬರುತ್ತೆ. ತಗಡಿನ ನಕ್ಷೆ ನಿಜ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ ಗ್ರಿಲ್ ಅಂಗಡಿಗೆ ಕೊಡ್ತೇನೆ, ಅವರು ಅಂಟಿಸಿ ಪಂಚ್ ಹೊಡೆದು ಕೊರೆದರೆ ಸಾಕು. ಟೇಪ್ ಹಿಡಿಯೋ ಗೋಜೇ ಇಲ್ಲ.

— ನಲವತ್ತು ವರ್ಷ ನಾನು ಹಳ್ಳದ ಮೇಲೆ ನೇತಾಡಿಕೊಂಡು ಇಂಥ ಬೋಲ್ಟಿಗೆ ಬೈದಿದ್ದೇನೆ. ಇದಕ್ಕೆ ನನ್ನ ಪೂರ್ತಿ ಅಂಕ. ತೂತು ಎಷ್ಟು ಕೊರೆಸ್ತೀ?

— ಹದಿನೆಂಟು. ಬೋಲ್ಟಿಗಿಂತ ಎರಡು ಮಿಲಿಮೀಟರ್ ಹೆಚ್ಚು.

— ಹಾಗಾದರೆ ನಿನ್ನ ನಾಲ್ಕು ಮಿಲಿಮೀಟರಿನ ಜಗ್ಗು ಮರೆತುಬಿಡು. ಮಾದರಿಯಲ್ಲಿ ಕೀಲು ಬಿಗಿಯಾಗಿದೆ, ಇಲ್ಲಿ ಪ್ರತಿ ಬೋಲ್ಟೂ ತೂತಿನೊಳಗೆ ಚೂರು ಜಾರಿ ಕೂರುತ್ತೆ. ಮೊದಲ ಸಲ ಭಾರ ಬಿದ್ದಾಗ ಅದಕ್ಕಿಂತ ಹೆಚ್ಚು ತಗ್ಗುತ್ತೆ, ಭಾರ ತೆಗೆದರೂ ಅಷ್ಟೂ ಮೇಲೆ ಬರಲ್ಲ. ಹೆದರಬೇಕಿಲ್ಲ. ಎರಡನೇ ಸಲ ಹಾಕಿದಾಗ ಎಷ್ಟು ತಗ್ಗಿ ಎಷ್ಟು ವಾಪಸ್ ಬಂತು ಅನ್ನೋದನ್ನು ನಿನ್ನ ಅಂಕಿಗೆ ಹೋಲಿಸು. ನಡುವನ್ನು ಮೊದಲೇ ಒಂದೂವರೆ ಸೆಂಟಿಮೀಟರ್ ಎತ್ತರಿಸಿ ಕಟ್ಟು.

— ಭಾರ ಅಂದರೆ ಪೂರ್ತಿ ಭಾರವಾ? ಎಂಟು ಮೀಟರ್, 1.2 ಅಗಲ, 500 ಕಿಲೋ… 4,800 ಕಿಲೋ. ಅಷ್ಟು ಜನರನ್ನು ನಿಲ್ಲಿಸೋದಾ?

— ಜನರ ಮೇಲೆ ಪ್ರಯೋಗ ಮಾಡ್ತಾರಾ ಯಾರಾದರೂ? ನೀರು. ಇನ್ನೂರು ಲೀಟರಿನ ಡ್ರಮ್ಮು ಇಪ್ಪತ್ತನಾಲ್ಕು, ಎರಡು ಸಾಲಲ್ಲಿ ಹನ್ನೆರಡು ಹನ್ನೆರಡು. ಅಳತೆ ಸರಿಯಾಗಿ ಕೂರುತ್ತೆ. ಖಾಲಿ ಡ್ರಮ್ ಹೊರೋಕೆ ಹಗುರ, ಹಳ್ಳದಿಂದಲೇ ಸಣ್ಣ ಪಂಪಿನಲ್ಲಿ ತುಂಬಿಸು. ಅರ್ಧ ತುಂಬಿ ನಿಲ್ಲಿಸಿ ಅಳೆ, ಪೂರ್ತಿ ತುಂಬಿ ಅಳೆ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಅಳೆ. ಸೇತುವೆಯ ನಡುವನ್ನು ಮಾತ್ರ ಅಲ್ಲ, ಎರಡೂ ಅಡಿಪಾಯದ ಮೂಲೆಗಳನ್ನೂ. ಅವು ತಗ್ಗಿದವೋ ಇಲ್ಲವೋ ಅನ್ನೋದು ನಿನ್ನ ತ್ರಿಕೋನಕ್ಕೆ ಸಿಗೋ ಒಂದೇ ಪರೀಕ್ಷೆ.

— ಡ್ರಮ್ಮಿಗೆ ಬರ ಇಲ್ಲ. ತೋಟದಲ್ಲಿ ಬೋರ್ಡೋ ದ್ರಾವಣ ಕಲಸೋ ಬ್ಯಾರಲ್ಲೇ ಅಷ್ಟಿವೆ.

— ಬೋರ್ಡೋ ಅಂದರೆ ಮೈಲುತುತ್ತ! ತಳದಲ್ಲಿ ನೀಲಿ ಕಟ್ಟಿರುತ್ತೆ. ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ಹಳ್ಳಕ್ಕೇ ಮಗುಚಿದರೆ ನಿನ್ನ ಕುಣಿಯೋ ಕಪ್ಪೆಯ ಗೊದಮೊಟ್ಟೆ ಒಂದೂ ಉಳಿಯಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಕುಡಿಯೋ ನೀರಿನ ಡ್ರಮ್ ಎಷ್ಟು ಸಿಗುತ್ತೆ ನೋಡು. ಕಡಿಮೆ ಬಿದ್ದರೆ ಮರಳಿನ ಚೀಲ.

— ಪೈಪಿನಲ್ಲಿ ತೋಟದ ಕಡೆಗೆ ಬಿಟ್ಟರೆ? ಇಳಿಜಾರು ಆ ಕಡೆಗೂ ಇದೆ.

— ಯಾವ ಕಡೆಗೆ ಇಳಿಜಾರು ಅಂತ ಮೊದಲು ಟ್ಯೂಬ್ ಹಿಡಿದು ನೋಡು, ಆಮೇಲೆ ಹೇಳು.